ಪೆಟ್ಟಿಗೆಯ ಹಿಂದಿನ ಜಾಣಮರಿ

ವೆಂಗ್ ಬೀಶಿಯಾಳ ಕೆಲಸ ಏನೆಂದು ಅಂಗಡಿಗೆ ಬಂದವರು ಕೇಳಿದರೆ ಅವಳ ಅತ್ತೆ ಆ-ಗಿಮ್ ಬಿಸಿ ಅನ್ನದ ಮೇಲೆ ಟರ್ಕಿ ಕೋಳಿಯ ಎಳೆಗಳನ್ನು ಹರಡುತ್ತಲೇ ಉತ್ತರ ಕೊಡುತ್ತಿದ್ದಳು. “ಕಿವಿಗೆ ಬಿದ್ದಿದ್ದನ್ನ ಬರೀತಾಳೆ. ಅದಕ್ಕೂ ಸಂಬಳ ಕೊಡ್ತಾರೆ ನೋಡಿ. ನಾನು ಇಷ್ಟು ವರ್ಷ ಈ ಬೀದಿ ಜಗಳ ಎಲ್ಲ ಕೇಳಿಸ್ಕೊಂಡೆ, ಒಬ್ರೂ ಬಿಡಿಗಾಸು ಕೊಡ್ಲಿಲ್ಲ.”

ತಮಾಷೆಯ ಮಾತು, ಆದರೆ ಸುಳ್ಳಲ್ಲ. ಕಿವಿ ಕೇಳದವರು ಆಸ್ಪತ್ರೆಗೋ ಕಚೇರಿಗೋ ಹೋದಾಗ ತಮ್ಮ ಫೋನನ್ನು ಎದುರಿನವರ ಮುಂದೆ ಇಡುತ್ತಾರೆ. ಆ ದನಿ ಜಿಯಾಯಿ ಪಟ್ಟಣದ ಈ ಅನ್ನದಂಗಡಿಯ ಮಹಡಿಗೆ ಬಂದು ಬೀಶಿಯಾಳ ಕಿವಿಗೆ ಬೀಳುತ್ತದೆ. ಅವಳು ಕೇಳಿದ್ದನ್ನು ಕೇಳಿದ ಹಾಗೆಯೇ ಕೀಲಿಮಣೆಯಲ್ಲಿ ಒತ್ತುತ್ತಾ ಹೋಗುತ್ತಾಳೆ. ಅಕ್ಷರಗಳು ಅದೇ ಫೋನಿನ ಪರದೆಯಲ್ಲಿ ಮೂಡುತ್ತವೆ. ಒಂದು ಮಾತನ್ನು ಸೇರಿಸುವಂತಿಲ್ಲ, ಒಂದನ್ನು ಬಿಡುವಂತಿಲ್ಲ. ಡಾಕ್ಟರು ಪಕ್ಕದವರ ಹತ್ತಿರ ಚಹಾ ತರಲು ಹೇಳಿದರೆ ಅದನ್ನೂ ಬರೆಯಬೇಕು. ತನ್ನ ಸಲಹೆ, ತನ್ನ ಕನಿಕರ ಯಾವುದನ್ನೂ ಅದರೊಳಗೆ ತೂರಿಸಬಾರದು. ಇದು ಯಾರ ದನಿ, ಎಲ್ಲಿ ದನಿ ಕಡಿಯಿತು, ಇಷ್ಟನ್ನು ಮಾತ್ರ ತಾನಾಗಿ ತಿಳಿಸಬಹುದು. ಇದು ಆ ಕೆಲಸದ ಧರ್ಮ.

ಈ ಕೆಲಸಕ್ಕೆ ಅವಳನ್ನು ತಂದದ್ದು ಅಪ್ಪನ ತಲೆಯಾಟ ಎಂದರೆ ತಪ್ಪಾಗದು. ಅವಳು ಹುಟ್ಟಿದ್ದು ಬೂದಾಯ್ ಕಡಲತಡಿಯಲ್ಲಿ. ಅಪ್ಪ ಉಪ್ಪಿನ ಗದ್ದೆಯ ಕೂಲಿ. ವಯಸ್ಸಾಗುತ್ತ ಕಿವಿ ಮಂದವಾಯಿತು. ‘ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿ’ ಎನ್ನಲು ಸಂಕೋಚ. ಯಾರು ಏನು ಹೇಳಿದರೂ ನಕ್ಕು ತಲೆಯಾಡಿಸಿಬಿಡುತ್ತಿದ್ದ. ಉಪ್ಪಿನ ಗದ್ದೆ ಮುಚ್ಚುತ್ತೇವೆಂದು ಮೇಸ್ತ್ರಿ ಎಲ್ಲರನ್ನೂ ಕರೆದು ಹೇಳಿದಾಗಲೂ ಹಾಗೆಯೇ ತಲೆಯಾಡಿಸಿದ. ಮರುದಿನ ಬೆಳಗ್ಗೆ ಗೋರುಮಣೆ ಹೆಗಲಿಗೇರಿಸಿಕೊಂಡು ಒಬ್ಬನೇ ಕೆಲಸಕ್ಕೆ ಹೋಗಿ, ಬೀಗ ನೋಡಿ, ವಾಪಸು ಬಂದ. ಬೀದಿಯಲ್ಲಿ ನಕ್ಕವರ ಮುಖಗಳು ಬೀಶಿಯಾಳಿಗೆ ಇವತ್ತಿಗೂ ಒಂದೊಂದಾಗಿ ನೆನಪಿವೆ.

ಅವಳ ಕಂಪ್ಯೂಟರು ಗಂಡ ರೋಂಗ್‌ತ್ಸುಂಗ್ ಬಿಡಿಬಿಡಿಯಾಗಿ ತಂದು ಕೈಯಾರೆ ಜೋಡಿಸಿದ ದೊಡ್ಡ ಕಪ್ಪು ಪೆಟ್ಟಿಗೆ. ಮಹಡಿಯ ಹಿಂದಿನ ಕೋಣೆಯಲ್ಲಿ, ಗೋಡೆಗೆ ಬೆನ್ನು ಮಾಡಿ ಕೂತಿದೆ. ವೈಫೈ ರೂಟರ್ ಇರುವುದು ಕೆಳಗೆ, ಅಂಗಡಿಯ ದೇವರ ಮೇಜಿನ ಪಕ್ಕದಲ್ಲಿ. ಅಲ್ಲಿಂದ ಬರುವ ಅಲೆಯನ್ನು ಹಿಡಿಯಲು ಪೆಟ್ಟಿಗೆಯ ಬೆನ್ನಿಗೆ ಬೆರಳುದ್ದದ ಎರಡು ಕೊಂಬುಗಳಿವೆ. ರೋಂಗ್‌ತ್ಸುಂಗ್ ಬದುಕಿದ್ದಷ್ಟು ದಿನ ಅದು ಒಮ್ಮೆಯೂ ಕೈಕೊಟ್ಟಿರಲಿಲ್ಲ. ಅವನು ಹೋದದ್ದು ಹಿಂದಿನ ಚಳಿಗಾಲದಲ್ಲಿ. ಮಧ್ಯಾಹ್ನ ಅಂಗಡಿ ತುಂಬಿದ್ದ ಹೊತ್ತು. ಎದೆ ಹಿಡಿದ ಹಾಗಿದೆ ಎಂದನಂತೆ. ‘ಈ ಒಂದು ಊಟದ ಡಬ್ಬಿ ಕೊಟ್ಟು ಬಂದು ಮಲಕ್ಕೋ’ ಎಂದಳಂತೆ ತಾಯಿ. ಡಬ್ಬಿ ತಲುಪಿತು, ಅವನು ಮರಳಿ ಬರಲಿಲ್ಲ. ಈ ಮಾತನ್ನು ಆ-ಗಿಮ್ ಒಮ್ಮೆ, ಶವದ ಮುಂದೆ ಹೇಳಿದ್ದಳು. ಆಮೇಲೆ ಮನೆಯಲ್ಲಿ ಯಾರೂ ಅದನ್ನು ಎತ್ತಲಿಲ್ಲ.

ಈಗ ಅವನಿಲ್ಲದ ಮೊದಲ ಏಳನೆಯ ತಿಂಗಳು. ಪಂಚಾಂಗದ ಏಳನೆಯ ತಿಂಗಳೆಂದರೆ ಸತ್ತವರಿಗೆ ರಜೆ. ಅವರ ಲೋಕದ ಬಾಗಿಲು ತೆರೆಯುತ್ತದೆ, ತಿಂಗಳಿಡೀ ಮೇಲೆ ಓಡಾಡಿಕೊಂಡಿರುತ್ತಾರೆ. ಅವರನ್ನು ದೆವ್ವ ಎನ್ನುವಂತಿಲ್ಲ, ‘ಒಳ್ಳೇ ಅಣ್ಣತಮ್ಮಂದಿರು’ ಎನ್ನಬೇಕು. ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಯಾರ ಹೆಗಲನ್ನೂ ಹಿಂದಿನಿಂದ ತಟ್ಟುವಂತಿಲ್ಲ. ಮತ್ತೆ, ಯಂತ್ರವಿರುವ ಕಡೆಯಲ್ಲೆಲ್ಲ ಹಸಿರು ಪೊಟ್ಟಣವೊಂದನ್ನು ಇಡಬೇಕು. ಇದು ಏಳನೆಯ ತಿಂಗಳಿಗೆ ಮಾತ್ರವಲ್ಲ, ವರ್ಷವಿಡೀ ಇದ್ದೇ ಇರುತ್ತದೆ. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಟಿಕೆಟ್ ಕೊಡುವ ಯಂತ್ರದ ತಲೆಯ ಮೇಲೂ ನೋಡಬಹುದು. ಒಳಗೆ ಮಕ್ಕಳು ತಿನ್ನುವ ಜೋಳದ ಉಬ್ಬುತಿಂಡಿ. ಹೊರಗೆ ಬರೆದಿರುವ ಹೆಸರಿನ ಅರ್ಥ, ನಾವು ಹಟ ಮಾಡುವ ಕೂಸಿಗೆ ಹೇಳುತ್ತೇವಲ್ಲ, ‘ಜಾಣಮರಿ’ ಎಂದು, ಅದೇ. ಮಗುವಿಗೆ ಹೇಳಿದ ಹಾಗೆ ಯಂತ್ರಕ್ಕೂ ಹೇಳುವುದು: ಜಾಣಮರಿ, ಸುಮ್ಮನಿರು. ಪೊಟ್ಟಣವನ್ನು ಒಡೆಯಬಾರದು, ತಿನ್ನಬಾರದು, ಹಳಸಲು ಬಿಡಬಾರದು. ಇಂಜಿನಿಯರುಗಳೂ ಇದನ್ನು ನಗುತ್ತಲೇ ಪಾಲಿಸುತ್ತಾರೆ. ಹೆದರಿಕೆಗೆ ಡಿಗ್ರಿ ಓದಲು ಬರುವುದಿಲ್ಲ.

ರೋಂಗ್‌ತ್ಸುಂಗ್ ಇದ್ದಾಗ ಪೊಟ್ಟಣವನ್ನು ಪೆಟ್ಟಿಗೆಯ ನೆತ್ತಿಯ ಮೇಲಿಡುತ್ತಿದ್ದ. ಈ ಸಲ ತಿಂಗಳ ಮೊದಲ ದಿನ ಆ-ಗಿಮ್ ತಾನೇ ಮಹಡಿ ಹತ್ತಿ ಬಂದು, ಪೆಟ್ಟಿಗೆಯ ಹಿಂದೆ ಬಗ್ಗಿ, ಆ ಎರಡು ಕೊಂಬಿಗೆ ಒರಗಿಸಿ ಇಟ್ಟಳು.

“ಅಲ್ಲಿ ಯಾಕಮ್ಮ? ಮೇಲೆ ಇಡ್ತಿದ್ವಲ್ಲ?”

“ಕಳ್ಳ ಬರೋದು ಹಿತ್ಲ ಬಾಗ್ಲಿಂದ. ಕಾವಲುಗಾರನ್ನ ಛಾವಣಿ ಮೇಲೆ ಕೂರಿಸ್ತಾರೇನೇ? ನೀನು ಬರಕೊಂಡಿರು.”

ಬೀಶಿಯಾ ನಕ್ಕು ಕೆಲಸಕ್ಕೆ ತಿರುಗಿದಳು.

ಆ ವಾರದಿಂದಲೇ ಸಂಪರ್ಕ ಕಡಿಯತೊಡಗಿತು. ಪರದೆಯ ಮೂಲೆಯಲ್ಲಿ ಬಾಗಿದ ಗೆರೆಗಳ ಗುರುತೊಂದಿದೆ. ಎಲ್ಲ ಗೆರೆಗಳೂ ಬೆಳ್ಳಗಿದ್ದರೆ ಚೆನ್ನಾಗಿದೆ ಎಂದರ್ಥ. ಅವು ಇದ್ದಕ್ಕಿದ್ದ ಹಾಗೆ ಒಂದೊಂದಾಗಿ ಮಂಕಾಗುತ್ತಿದ್ದವು. ಕಿವಿಯಲ್ಲಿದ್ದ ದನಿ ಹರಿದು ಚೂರಾಗಿ ನಿಂತುಬಿಡುತ್ತಿತ್ತು. ಸ್ವಲ್ಪ ಹೊತ್ತಿಗೆ ತಾನಾಗಿಯೇ ಮರಳುತ್ತಿತ್ತು. ಮೊದಮೊದಲು ಅವಳು ಅದನ್ನು ದೊಡ್ಡದು ಮಾಡಲಿಲ್ಲ.

ದೊಡ್ಡದಾದದ್ದು ಕಾಂಗ್ ಯೆನ್‌ರೂಳ ದಿನ. ಯೆನ್‌ರೂ ಊರಾಚೆಯ ಆರ್ಕಿಡ್ ಹೂವಿನ ಶೆಡ್ಡಿನಲ್ಲಿ ಗಿಡ ಕತ್ತರಿಸುವ ಹೆಂಗಸು. ನಡುವಯಸ್ಸಿಗೆ ಜ್ವರ ಬಂದು ಕಿವಿ ಪೂರ್ತಿ ಹೋಯಿತು. ಕೈಸನ್ನೆಯ ಭಾಷೆ ಕಲಿತಿಲ್ಲ. ಮಾತಾಡಬಲ್ಲಳು, ಆದರೆ ತನ್ನ ದನಿ ತನಗೇ ಕೇಳದ್ದರಿಂದ ನಾಚಿ ಬಾಯಿ ತೆರೆಯುವುದಿಲ್ಲ. ಹೃದಯದ ಕವಾಟ ಕೆಟ್ಟು ಆಸ್ಪತ್ರೆಗೆ ಓಡಾಡುತ್ತಿದ್ದಳು. ಪ್ರತಿ ಸಲವೂ ಬೀಶಿಯಾಳೇ ಬೇಕು. ‘ನಿನ್ನ ಅಕ್ಷರ ಬಂದ್ರೆ ಪಕ್ಕದಲ್ಲಿ ಯಾರೋ ಕೂತಂಗಿರುತ್ತೆ’ ಎಂದು ಒಮ್ಮೆ ಬರೆದಿದ್ದಳು. ಅವಳಿಗೂ ಒಂದು ಅಭ್ಯಾಸವಿತ್ತು. ಡಾಕ್ಟರು ಏನೇ ಹೇಳಲಿ, ತಲೆಯಾಡಿಸುತ್ತಿದ್ದಳು.

ಆ ದಿನ ಡಾಕ್ಟರು, ನಾಳೆಯಿಂದ ಈ ಹೊಸ ಮಾತ್ರೆ ಶುರು ಮಾಡಿ ಎಂದರು. ಬೀಶಿಯಾ ಬರೆದಳು. ಗೆರೆಗಳು ಮಂಕಾದವು. ದನಿ ನಿಂತಿತು. ಮರಳಿದಾಗ ಡಾಕ್ಟರು ಮುಂದಿನ ತಾರೀಕು ಹೇಳುತ್ತಿದ್ದರು. ಬೀಶಿಯಾ, ನಡುವೆ ಸ್ವಲ್ಪ ಕೇಳಿಸಿಲ್ಲ, ದಯವಿಟ್ಟು ಡಾಕ್ಟರನ್ನು ಕೇಳಿ ಎಂದು ಬರೆದಳು. ‘ಪರವಾಗಿಲ್ಲ, ಅವರಿಗೆ ಕೆಲಸ ಇದೆ, ಹೊರಗೆ ಜನ ಕಾಯ್ತಿದಾರೆ’ ಎಂದು ಯೆನ್‌ರೂ ಉತ್ತರಿಸಿದಳು.

ನಡುವೆ ಬಿದ್ದುಹೋದ ಮಾತು ಏನೆಂದು ಆಮೇಲೆ ತಿಳಿಯಿತು. ‘ಹಳೆಯ ಮಾತ್ರೆ ಇವತ್ತೇ ನಿಲ್ಲಿಸಿ’ ಎಂದಿದ್ದರು. ಎರಡೂ ರಕ್ತ ತೆಳುವಾಗಿಸುವ ಮಾತ್ರೆ. ಯೆನ್‌ರೂ ಎರಡನ್ನೂ ನುಂಗಿದಳು. ಹೂವಿನ ಶೆಡ್ಡಿನಲ್ಲಿ ಕತ್ತರಿ ತಾಗಿ ಸಣ್ಣ ಗಾಯವಾಯಿತು, ರಕ್ತ ನಿಲ್ಲಲಿಲ್ಲ, ನೆಲದಲ್ಲಿ ಬಿದ್ದಿದ್ದವಳನ್ನು ಯಾರೋ ಹೊತ್ತು ತಂದರು. ಪುಣ್ಯಕ್ಕೆ ಉಳಿದಳು.

ಸುದ್ದಿ ಹೇಳಿದವಳು ತೈಚುಂಗಿನ ಕಚೇರಿಯಲ್ಲಿ ಕೂತು ಇವರಿಗೆಲ್ಲ ಕೆಲಸ ಹಂಚುವ ಫಾಂಗ್ ಪೇಯ್‌ಚಿ. “ನಿನ್ನ ತಪ್ಪು ಅಂತ ಯಾರೂ ಅಂತಿಲ್ಲ. ಆದ್ರೆ ಶುಕ್ರವಾರ ಸರ್ಜನ್ ಅವಳಿಗೆ ಆಪರೇಷನ್ ವಿವರಿಸ್ತಾರೆ. ಕವಾಟ ಯಾವುದು ಹಾಕ್ಬೇಕು ಅಂತ ಅವಳೇ ಹೇಳ್ಬೇಕು. ಬೇರೆಯವರನ್ನ ಕೊಡ್ತೀನಿ ಅಂದೆ. ಬೇಡವಂತೆ, ನೀನೇ ಬೇಕಂತೆ. ಲೈನು ಸರಿ ಮಾಡ್ಕೋತೀಯಾ?”

“ಮಾಡ್ಕೋತೀನಿ” ಎಂದಳು ಬೀಶಿಯಾ. ಒಂದು ವಾಕ್ಯ ಬಿದ್ದುಹೋದದ್ದಕ್ಕೆ ಇಷ್ಟು ರಕ್ತ. ಶುಕ್ರವಾರ ಬೀಳುವ ವಾಕ್ಯ ಯಾವುದೋ.

ಅವತ್ತಿನಿಂದ ಅವಳಿಗೆ ಬೇರೆ ಧ್ಯಾನವಿಲ್ಲ. ಕಂಪ್ಯೂಟರನ್ನು ಆರಿಸಿ ಹಚ್ಚಿದಳು. ರೂಟರನ್ನು ಆರಿಸಿ ಹಚ್ಚಿದಳು. ವೈಫೈ ಚಾಲಕ ತಂತ್ರಾಂಶ ಕಿತ್ತು ಹೊಸದು ಹಾಕಿದಳು. ಕರೆಂಟು ಉಳಿಸಲು ವೈಫೈ ನಿದ್ದೆ ಹೋಗುವ ಏರ್ಪಾಡನ್ನು ತೆಗೆದಳು. ಪಕ್ಕದ ಮನೆಗಳ ಅಲೆ ತಾಗುತ್ತದೇನೋ ಎಂದು ಚಾನೆಲ್ ಬದಲಿಸಿದಳು. ಕೆಳಗೆ ಸೂಪು ಬಿಸಿ ಮಾಡುವ ಮೈಕ್ರೋವೇವ್ ಮೇಲೆ ಅನುಮಾನ ಬಂದು ಅದನ್ನೂ ನಿಲ್ಲಿಸಿದಳು. ಗಿರಾಕಿಗಳು ತಣ್ಣನೆ ಸೂಪು ಕುಡಿದು ಗೊಣಗಿದರು. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಳೆದ ಹಾಗೆ ಮನೆಯ ಒಂದೊಂದು ಯಂತ್ರಕ್ಕೂ ಬರೆ ಬಿತ್ತು. ಗೆರೆಗಳು ಇಳಿಯುವುದು ನಿಲ್ಲಲಿಲ್ಲ. ಕೆಳಗೆ ಹೋಗಿ ಕೂರೋಣವೆಂದರೆ ಅಂಗಡಿಯ ಗಲಾಟೆ, ಮೇಲಾಗಿ ರೋಗಿಯ ಗುಟ್ಟು ನಾಲ್ಕು ಜನರ ಕಿವಿಗೆ ಬೀಳುತ್ತದೆ. ಹಿಂದಿನ ಕೋಣೆಗೆ ಫೋನಿನ ಸಿಗ್ನಲ್ ಬರುವುದು ಅಷ್ಟಕ್ಕಷ್ಟೇ.

ಇಂಟರ್ನೆಟ್ ಲೈನಿನವನು ಬಂದು ರೂಟರನ್ನೇ ಬದಲಿಸಿ ಕೊಟ್ಟ. ಕೆಳಗೆಲ್ಲ ಚೆನ್ನಾಗಿದೆ, ಮೇಲಿನದು ನಿಮ್ಮ ಪೆಟ್ಟಿಗೆಯ ಕಥೆ, ಗೋಡೆ ಕೊರೆದು ಕೇಬಲ್ ಎಳೆಸಿಬಿಡಿ ಎಂದ. ಗೋಡೆ ಕೊರೆಯುವ ಮಾತು ಕೇಳಿ ಆ-ಗಿಮ್ ಸೌಟು ಕೆಳಗಿಟ್ಟಳು.

“ಏಳನೇ ತಿಂಗಳಲ್ಲಿ ದೇವರ ಮೇಜಿನ ಹಿಂದೆ ತೂತು? ನಿಮ್ಮನೇಲಿ ಮಾಡಿಸ್ಕೋ ಹೋಗಪ್ಪ.”

“ಹಾಗಾದ್ರೆ ಮೆಟ್ಟಿಲ ಮೇಲೆ ಹಾಸಿ ತರಬಹುದು, ಅಜ್ಜಿ.”

“ಕುದಿಯೋ ಸೂಪಿನ ಪಾತ್ರೆ ಹೊತ್ಕೊಂಡು ದಿನಾ ಆ ಮೆಟ್ಟಿಲು ಹತ್ತಿ ಇಳಿಯೋಳು ನಾನು. ನನ್ನನ್ನೂ ಮೇಲಕ್ಕೆ ಕಳಿಸ್ಬೇಕು ಅಂತಿದೀಯಾ?”

ಅವನು ನಕ್ಕು ಒಂದು ಬಟ್ಟಲು ಅನ್ನ ತಿಂದು ಹೋದ. ಬೀಶಿಯಾಳಿಗೆ ನಗು ಬರಲಿಲ್ಲ.

ದಾರಿ ಮುಚ್ಚಿದವರಿಗೆ ಉಳಿಯುವುದು ಪೊಟ್ಟಣವೇ. ಒಮ್ಮೆ ಕಡಿದರೆ ಆ-ಗಿಮ್ ಇನ್ನೊಂದು ಜಾಣಮರಿಯನ್ನು ತಂದು ಕೊಂಬಿಗೆ ಒರಗಿಸುತ್ತಿದ್ದಳು. ಬೇಡ ಎನ್ನುವ ಧೈರ್ಯ ಬೀಶಿಯಾಳಿಗಿರಲಿಲ್ಲ. ಒಂದು ದಿನ ತಾನೇ ಎದುರಂಗಡಿಗೆ ಹೋಗಿ ತಂದಿಟ್ಟಳು. ಕಡಿಯುವುದು ಹೆಚ್ಚಿತು. ಪೊಟ್ಟಣಗಳೂ ಹೆಚ್ಚಿದವು. ಪೆಟ್ಟಿಗೆಯ ಬೆನ್ನಿಗೂ ಗೋಡೆಗೂ ನಡುವೆ ಹಸಿರು ಸಾಲು ತುಂಬಿ, ಕೊಂಬುಗಳು ಅದರಲ್ಲಿ ಮುಳುಗಿಹೋದವು.

ಬುಧವಾರ ಮಧ್ಯಾಹ್ನ ಅಂಗಡಿ ಖಾಲಿಯಾದ ಮೇಲೆ ಆ-ಗಿಮ್ ಹೊಸದೊಂದು ಪೊಟ್ಟಣ ಹಿಡಿದು ಬಂದಳು. ಇಟ್ಟವಳು ಹೋಗಲಿಲ್ಲ. ಬಾಗಿಲ ಹತ್ತಿರ ನಿಂತು ಸೊಸೆಯ ಕುರ್ಚಿಯ ಹಿಂದಿನ ಜಾಗವನ್ನೇ ನೋಡುತ್ತಿದ್ದಳು.

“ಶಿಯಾ, ಒಂದು ಮಾತು ಹೇಳ್ತೀನಿ. ಹೆದರ್ಕೋಬೇಡ.”

“ಏನಮ್ಮ?”

“ಅವನೇ ಕಣೇ. ನಮ್ ರೋಂಗ್‌ತ್ಸುಂಗ್. ಅವನ ಪೆಟ್ಟಿಗೆ, ಅವನ ಕುರ್ಚಿ, ಅವನ ಕೋಣೆ. ಬಾಗ್ಲು ತೆಗೆದ ದಿನವೇ ಬಂದಿದಾನೆ. ಚಿಕ್ಕೋನಿದ್ದಾಗ ಈ ತಿಂಡಿ ಅಂದ್ರೆ ಪ್ರಾಣ ಬಿಡ್ತಿದ್ದ. ನಾನು ಇಡ್ತಿರೋದು ಯಂತ್ರಕ್ಕೆ ಅಂದ್ಕೊಂಡ್ಯಾ?”

ಹೆದರಿದವರ ಮೇಲೆ ಹಾವು ಎಸೆದ ಹಾಗಾಯಿತು. ಬೀಶಿಯಾ ಓದಿದವಳು, ಇಂಥದ್ದನ್ನೆಲ್ಲ ನಂಬುವವಳಲ್ಲ. ಆದರೂ ಅತ್ತೆ ಕೆಳಗಿಳಿದ ಮೇಲೆ ಹಿಂದಕ್ಕೆ ತಿರುಗಿ ನೋಡಲು ಅವಳಿಗೆ ಕತ್ತು ಹೊರಳಲಿಲ್ಲ. ಗಂಡ ಬದುಕಿದ್ದಾಗ ಕೆಲಸದ ನಡುವೆ ಬಂದು ಹೀಗೆಯೇ ಹಿಂದೆ ನಿಲ್ಲುತ್ತಿದ್ದ, ಹೆಗಲ ಮೇಲೆ ಕೈಯಿಡುತ್ತಿದ್ದ. ಈಗ ಆ ಕೈ ಬಂದರೆ? ಪ್ರೀತಿಸಿದ ಗಂಡನಿಗೇ ಹೆದರುತ್ತಿದ್ದೇನಲ್ಲ ಎಂದು ಅವಳಿಗೆ ಅಳು ಬಂತು, ಅಳುತ್ತಲೇ ಗೆರೆಗಳನ್ನು ನೋಡಿದಳು. ಒಂದು ಮಂಕಾಯಿತು.

ಗುರುವಾರ ಬೆಳಗ್ಗೆ ಆ-ಗಿಮ್ ಪೊಟ್ಟಣಗಳನ್ನೆಲ್ಲ ಬಾಚಿ ಬುಟ್ಟಿಗೆ ತುಂಬಿಕೊಂಡು ನಗರದೇವತೆಯ ಗುಡಿಗೆ ಹೊರಟಳು. ಧೂಪದ ಹೊಗೆಯ ಮೇಲೆ ಸುತ್ತಿಸಿ ತಂದರೆ ಬಲ ಬರುತ್ತದೆ. ಅಷ್ಟರಲ್ಲಿ ಪೇಯ್‌ಚಿ ಕರೆ ಮಾಡಿ, ನಾಳೆಗೆ ಒಂದು ತಾಲೀಮು ನೋಡೋಣ, ನಾನು ಡಾಕ್ಟರ ಹಾಗೆ ಮಾತಾಡ್ತೀನಿ, ನೀನು ಬರಿ ಎಂದಳು. ಪೇಯ್‌ಚಿ ಬಾಯಿಗೆ ಬಂದ ಔಷಧಿಗಳ ಹೆಸರನ್ನೆಲ್ಲ ಓದಿದಳು. ಬೀಶಿಯಾ ಬರೆದಳು. ಗೆರೆಗಳು ಅಲುಗಲಿಲ್ಲ. ಮಾತು ನೀರಿನ ಹಾಗೆ ಬರುತ್ತಿತ್ತು. ಎಷ್ಟೋ ದಿನಗಳ ಮೇಲೆ ಅವಳ ಭುಜ ಸಡಿಲವಾಯಿತು.

ಆ-ಗಿಮ್ ಬುಟ್ಟಿ ಹೊತ್ತು ಮೇಲೆ ಬಂದಾಗ ತಾಲೀಮು ಇನ್ನೂ ನಡೆದೇ ಇತ್ತು.

“ಕಡಿದೇ ಇಲ್ವಾ? ನೋಡ್ದ್ಯಾ. ನಾನಿನ್ನೂ ಗುಡೀಲಿದ್ದೆ, ಇಲ್ಲಿ ಕೆಲಸ ಆಗ್ಹೋಯ್ತು” ಎಂದು ಹೆಮ್ಮೆಯಿಂದ ಬಗ್ಗಿ ಪೊಟ್ಟಣಗಳನ್ನು ಕೊಂಬಿನ ಸುತ್ತ ಮತ್ತೆ ಜೋಡಿಸಿದಳು.

ಪೇಯ್‌ಚಿಯ ದನಿ ಹರಿಯಿತು. ಗೆರೆಗಳು ಒಂದೊಂದಾಗಿ ಇಳಿದವು. ಅತ್ತೆಯ ಕೈ ಇನ್ನೂ ಪೊಟ್ಟಣದ ಮೇಲೇ ಇತ್ತು.

“ಅಮ್ಮ, ಎತ್ತಿ.”

“ಏನು?”

“ಎಲ್ಲ ಎತ್ತಿ. ಒಂದ್ಸಲ.”

ಎತ್ತಿದಳು. ಗೆರೆಗಳು ಏರಿದವು. ಇಡಿ ಎಂದಳು. ಇಟ್ಟಳು. ಇಳಿದವು. ಯಾರೋ ಕೇಳಿಸಿಕೊಂಡು ಉತ್ತರ ಕೊಟ್ಟಂತಿತ್ತು.

ಆ-ಗಿಮ್ ಪರದೆಯನ್ನೂ ತನ್ನ ಕೈಯನ್ನೂ ನೋಡಿದಳು. ಅವಳಿಗೆ ಭಯವಾಗಲಿಲ್ಲ. ಮುಖ ಅರಳಿತು. ಗುಡಿಯಲ್ಲಿ ದೇವರನ್ನು ಪ್ರಶ್ನೆ ಕೇಳಿ ಮರದ ತುಂಡು ಹಾಕಿ ಹೌದೋ ಅಲ್ಲವೋ ನೋಡುವ ಹೆಂಗಸು ಅವಳು. ಇಲ್ಲಿಯೂ ಮೊಣಕಾಲೂರಿ ಕೂತು ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದಳು.

“ಮಗನೇ, ಬಂದಿದೀಯಾ? ಹೌದಾದ್ರೆ ಇಳಿಸು.” ಇಟ್ಟಳು. ಗೆರೆ ಇಳಿಯಿತು.

“ಹಸಿವಾಗಿದ್ಯಾ?” ಎತ್ತಿ ಇಟ್ಟಳು. ಇಳಿಯಿತು. ಮುದುಕಿಯ ಕಣ್ಣಲ್ಲಿ ನೀರು ತುಂಬಿತು. “ನೋಡೇ ಶಿಯಾ, ಹಸಿವಂತೆ.”

ಬೀಶಿಯಾ ಕುರ್ಚಿಯಿಂದಲೇ ಬಗ್ಗಿ ನೋಡುತ್ತಿದ್ದಳು. ಆಗ ಅವಳ ಕಣ್ಣು ಅತ್ತೆಯ ಕೈಯಲ್ಲಿದ್ದ ಪೊಟ್ಟಣದ ಮೂಲೆಗೆ ಬಿತ್ತು. ಗುಡಿಗೆ ಹೋಗಿ ಬರುವಷ್ಟರಲ್ಲಿ ಎಲ್ಲೋ ಸಿಕ್ಕಿ ಅದು ಹರಿದಿತ್ತು. ಒಳಮೈ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಅಂಗಡಿಯಲ್ಲಿ ಟರ್ಕಿ ಕಾಲು ಸುತ್ತಿಕೊಡುವ ಬೆಳ್ಳಿ ಹಾಳೆಯ ಹೊಳಪು ಅದು. ರೂಟರಿನ ಪಕ್ಕ ಲೋಹದ ಡಬ್ಬ ಇಡಬೇಡಿ ಎಂದು ಲೈನಿನವನು ಕೆಳಗೆ ಹೇಳಿ ಹೋದದ್ದು ನೆನಪಾಯಿತು. ಕೆಳಗೆ ಇಡಬಾರದ್ದನ್ನು ಮೇಲೆ ಕೊಂಬಿಗೇ ಹೊದಿಸಿ ಕೂತಿದ್ದೇವೆ. ಬೇಲಿಯೇ ಎದ್ದು ಹೊಲ ಮೇಯುತ್ತಿತ್ತು. ಕಾವಲಿಗೆ ಕೂರಿಸಿದ್ದರಿಂದ ಯಾರೂ ಅತ್ತ ನೋಡಿರಲಿಲ್ಲ.

ಆ-ಗಿಮ್ ಪೊಟ್ಟಣವನ್ನು ಮತ್ತೆ ಎತ್ತಿ ಹಿಡಿದಿದ್ದಳು. ಈ ಸಲ ಪ್ರಶ್ನೆ ಬೇಗ ಬರಲಿಲ್ಲ.

“ಮಗನೇ, ಆ ಡಬ್ಬಿ ಕೊಟ್ಟು ಬಾ ಅಂದೆನಲ್ಲ ನಾನು. ನನ್ನ ಮೇಲೆ ಕೋಪನಾ? ಕೋಪ ಇದ್ರೆ ಇಳಿಸು.”

ಈ ಪೊಟ್ಟಣವನ್ನು ಇಟ್ಟರೆ ಗೆರೆ ಇಳಿದೇ ಇಳಿಯುತ್ತದೆ. ತಾಯಿ ಕೇಳಿದ ಪ್ರಶ್ನೆಗೆ ತಿಂಡಿಯ ಪೊಟ್ಟಣ ಹೌದು ಎನ್ನುತ್ತದೆ, ಆ ಹೌದನ್ನು ಮುದುಕಿ ಸಾಯುವ ತನಕ ಹೊರುತ್ತಾಳೆ. ಬೀಶಿಯಾ ಕುರ್ಚಿಯಿಂದ ಎದ್ದವಳೇ ಅತ್ತೆಯ ಎರಡೂ ಕೈಗಳನ್ನು ಗಾಳಿಯಲ್ಲೇ ಹಿಡಿದಳು.

“ಬಿಡೇ. ಅವನು ಹೇಳ್ಲಿ.”

“ಅವನಲ್ಲ ಅಮ್ಮ. ಬೆಳ್ಳಿ ಹಾಳೆ.”

“ಏನು ಬೆಳ್ಳಿ? ಕೈ ಬಿಡು ಅಂದೆ.”

“ಒಂದು ನಿಮಿಷ ಅಮ್ಮ. ಆಮೇಲೆ ಏನು ಬೇಕಾದ್ರೂ ಕೇಳಿ.”

ಪೊಟ್ಟಣವನ್ನು ಕಿತ್ತುಕೊಂಡೇ ಕೆಳಗೋಡಿ, ಅಂಗಡಿಯ ಸುರುಳಿಯಿಂದ ಬೆಳ್ಳಿ ಹಾಳೆ ಹರಿದುಕೊಂಡು ಬಂದಳು. ಅದನ್ನು ಕೊಂಬುಗಳಿಗೆ ಸುತ್ತಿದಳು. ಗೆರೆಗಳು ಇಳಿದವು. ಬಿಚ್ಚಿದಳು. ಏರಿದವು. ಮತ್ತೆ ಸುತ್ತಿದಳು.

“ಇದು ನಮ್ಮ ಅಂಗಡಿ ಹಾಳೆ ಅಮ್ಮ. ಇದ್ರಲ್ಲಿ ಯಾರೂ ಇಲ್ಲ. ಬಿಸೀನ ಹೊರಗೆ ಬಿಡದಂಗೆ ಇದು ಅಲೇನ ಒಳಗೆ ಬಿಡ್ತಿಲ್ಲ, ಅಷ್ಟೇ. ಪೊಟ್ಟಣದ ಒಳಗೂ ಇಂಥದ್ದೇ ಇದೆ.”

ಆ-ಗಿಮ್ ಹರಿದ ಮೂಲೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. ದಡ್ಡಿಯಲ್ಲ ಅವಳು. ಆ ಹಾಳೆಯ ಗುಣ ಅವಳಿಗೆ ಗೊತ್ತಿರುವಷ್ಟು ಯಾವ ಇಂಜಿನಿಯರಿಗೂ ಗೊತ್ತಿಲ್ಲ. ಆಮೇಲೆ ಪೊಟ್ಟಣಗಳನ್ನು ಒಂದೊಂದಾಗಿ ಬುಟ್ಟಿಗೆ ಹಾಕಿಕೊಂಡು, ಮಂಡಿ ಹಿಡಿದು ಎದ್ದು, ಕೆಳಗಿಳಿದು ಹೋದಳು.

ಶುಕ್ರವಾರ ಬೀಶಿಯಾ ಕುರ್ಚಿಯಲ್ಲಿ ಕೂತಾಗ ಪೆಟ್ಟಿಗೆಯ ಬೆನ್ನು ಹಾಳೆಯೂ ಪೊಟ್ಟಣವೂ ಇಲ್ಲದೆ ಬೋಳಾಗಿತ್ತು. ಕಾರಣ ಸಿಕ್ಕಿದ ಮಾತ್ರಕ್ಕೆ ಹೆದರಿಕೆ ಹೋಗುವುದಿಲ್ಲ. ಈ ತಿಂಗಳಲ್ಲಿ ಕಾವಲಿಲ್ಲದೆ ರೋಗಿಯ ಕರೆಗೆ ಕೂತದ್ದು ಇದೇ ಮೊದಲು. ತಾನು ತಿಳಿದದ್ದೇ ತಪ್ಪಾಗಿದ್ದರೆ? ಬೆರಳುಗಳನ್ನು ಬಟ್ಟೆಗೆ ಒರೆಸಿಕೊಂಡು ಕೀಲಿಮಣೆಯ ಮೇಲಿಟ್ಟಳು.

ಸರ್ಜನ್ ಬಹಳ ವೇಗದ ಮನುಷ್ಯ. ಕವಾಟದಲ್ಲಿ ಎರಡು ಬಗೆ ಎಂದರು. ಲೋಹದ್ದು ಗಟ್ಟಿ, ಆದರೆ ರಕ್ತ ತೆಳುವಾಗಿಸುವ ಮಾತ್ರೆಯನ್ನು ಬದುಕಿರುವ ತನಕ ನುಂಗಬೇಕು, ಗಾಯವಾಗದ ಹಾಗೆ ಬದುಕಬೇಕು. ಪ್ರಾಣಿಯ ಅಂಗಾಂಶದ್ದಕ್ಕೆ ಆ ಮಾತ್ರೆ ಅಷ್ಟು ಕಾಲ ಬೇಡ, ಆದರೆ ಸವೆಯುತ್ತದೆ, ಮುಂದೆ ಇನ್ನೊಮ್ಮೆ ಎದೆ ತೆರೆಯಬೇಕಾಗಬಹುದು. ಬೀಶಿಯಾ ಅಕ್ಷರಕ್ಕೆ ಅಕ್ಷರ ಬರೆದಳು. ಒಂದು ಕಣ್ಣು ಗೆರೆಗಳ ಮೇಲೇ ಇತ್ತು. ಪ್ರತಿ ವಾಕ್ಯದ ಕೊನೆಯಲ್ಲಿ ಅವಳು ಗೆರೆ ಬೀಳುವುದನ್ನು ಕಾದಳು. ಬೀಳಲಿಲ್ಲ.

“ಅರ್ಥ ಆಯ್ತಾ?” ಎಂದರು ಸರ್ಜನ್.

ಬೀಶಿಯಾ ಅದನ್ನೂ ಬರೆದಳು. ಆ ಕಡೆಯಿಂದ ಸದ್ದಿಲ್ಲ. ಕಡಿಯಿತೇನೋ ಎಂದು ನೋಡಿದರೆ ಗೆರೆಗಳೆಲ್ಲ ಬೆಳ್ಳಗಿದ್ದವು. ಕಡಿದಿಲ್ಲ. ಹಾಗಾದರೆ ಇದು ತಲೆಯಾಟ. ನಕ್ಕು ತಲೆಯಾಡಿಸುತ್ತಿದ್ದಾಳೆ, ಅಪ್ಪನ ಹಾಗೆಯೇ. ಬೇಡ, ತಲೆಯಾಡಿಸಬೇಡ, ಕೇಳು ಎಂದು ಬರೆಯಲು ಬೆರಳು ಹಾತೊರೆದವು. ಬರೆಯುವಂತಿಲ್ಲ. ಬೆರಳು ಮಡಚಿಕೊಂಡು ಕೂತಳು.

ಆಗ ದೂರದಿಂದ ನರ್ಸಿನ ಸಣ್ಣ ದನಿ ಕೇಳಿಸಿತು, ಡಾಕ್ಟರಿಗೆ ಹೇಳಿದ್ದು. “ತಲೆ ಆಡಿಸ್ತಿದಾರಲ್ಲ ಸರ್. ಅರ್ಥ ಆಗಿದೆ. ಲೋಹದ್ದು ಅಂತ ಬರ್ಕೊಂಡ್ಬಿಡ್ಲಾ?”

ಕೇಳಿದ್ದನ್ನು ಬಿಡುವಂತಿಲ್ಲ. ಇದೇ ಆ ಕೆಲಸದ ಧರ್ಮ. ಬೀಶಿಯಾ ಒಂದಕ್ಷರ ಬಿಡದೆ ಬರೆದಳು: ನರ್ಸ್ ಹೇಳುತ್ತಿದ್ದಾರೆ, ತಲೆ ಆಡಿಸ್ತಿದಾರಲ್ಲ ಸರ್, ಅರ್ಥ ಆಗಿದೆ, ಲೋಹದ್ದು ಅಂತ ಬರ್ಕೊಂಡ್ಬಿಡ್ಲಾ.

ಅಕ್ಷರಗಳು ಹೋದವು. ಗೆರೆಗಳು ಅಲುಗಲಿಲ್ಲ.

“ಇಲ್ಲ.” ದನಿ ಒಡೆದಿತ್ತು, ಏರಿಳಿತ ತಪ್ಪಿತ್ತು, ಬೀಶಿಯಾ ಅದನ್ನು ಹಿಂದೆಂದೂ ಕೇಳಿರಲಿಲ್ಲ. ಯೆನ್‌ರೂ ಬಾಯಿ ತೆರೆದು ಮಾತಾಡಿದ್ದಳು. “ಬರ್ಕೋಬೇಡಿ. ನನಗೆ ಅರ್ಥ ಆಗಿಲ್ಲ. ನಾನು ದಿನಾ ಕತ್ತರಿ ಹಿಡಿಯೋಳು, ಕೈ ಕುಯ್ಕೋತಾನೇ ಇರ್ತೀನಿ. ಇನ್ನೊಂದ್ಸಲ ಹೇಳಿ ಡಾಕ್ಟ್ರೇ. ನಿಧಾನಕ್ಕೆ ಹೇಳಿ.”

ಸರ್ಜನ್ ಇನ್ನೊಮ್ಮೆ ಹೇಳಿದರು, ನಿಧಾನವಾಗಿ. ಯೆನ್‌ರೂ ಮೂರ್ನಾಲ್ಕು ಪ್ರಶ್ನೆ ಕೇಳಿ, ಲೋಹದ್ದು ಬೇಡ ಎಂದಳು. ಬೀಶಿಯಾ ಎಲ್ಲವನ್ನೂ ಬರೆದಳು. ಮುಗಿದ ಮೇಲೆ ಕೀಲಿಮಣೆಯ ಮೇಲೆ ಹಣೆಯಿಟ್ಟು ಕೂತಳು. ಪರದೆಯ ತುಂಬ ಅರ್ಥವಿಲ್ಲದ ಅಕ್ಷರಗಳು ಮೂಡಿದವು.

ಕೆಳಗಿಳಿಯುವಾಗ ನೋಡಿದರೆ ಆ-ಗಿಮ್ ಮೆಟ್ಟಿಲ ಬುಡದಲ್ಲಿ ಕೂತಿದ್ದಳು. ಬುಟ್ಟಿ ತೊಡೆಯ ಮೇಲಿತ್ತು. ಅಷ್ಟು ಹೊತ್ತೂ ಮೇಲಿನ ಕೋಣೆಗೆ ಕಿವಿಗೊಟ್ಟು ಅಲ್ಲೇ ಕೂತಿದ್ದಳೆಂದು ಕಾಣುತ್ತದೆ. ಅಂಗಡಿಯ ಬಾಗಿಲು ಅರ್ಧ ಎಳೆದಿತ್ತು.

“ಕಡಿದಿತ್ತೇನೇ?”

“ಇಲ್ಲ ಅಮ್ಮ.”

“ಒಂದ್ಸಲನೂ?”

“ಒಂದ್ಸಲನೂ ಇಲ್ಲ.”

ಆ-ಗಿಮ್ ಒಂದು ಪೊಟ್ಟಣದ ಬಾಯನ್ನು ಎರಡೂ ಕೈಯಿಂದ ಹಿಡಿದೆಳೆದು ಒಡೆದಳು. ಒಂದನ್ನು ಬಾಯಿಗಿಟ್ಟು, ಉಳಿದದ್ದನ್ನು ಸೊಸೆಯತ್ತ ಚಾಚಿದಳು. ಬೀಶಿಯಾ ಅದೇ ಮೆಟ್ಟಿಲಿನ ಮೇಲೆ ಒತ್ತಿಕೊಂಡು ಕೂತಳು.

“ಆ ಹೆಂಗಸಿಗೆ ಒಳ್ಳೇದಾಯ್ತು ಬಿಡು” ಎಂದಳು ಮುದುಕಿ. ನಿಧಾನವಾಗಿ ಅಗಿದಳು. “ಹಾಳೆ ಅಂತ ಗೊತ್ತಿತ್ತು ಕಣೇ. ಆದ್ರೂ ಅವನಿದ್ರೆ ಒಂದ್ಸಲ ಕಡಿಯುತ್ತೇನೋ ಅಂತ ಇಲ್ಲಿ ಕೂತಿದ್ದೆ.”